ಮಕ್ಕಳೂ ನೆರೆಯ ಜೀವಿಗಳೂ



ಶಾಲೆಯ ಮಕ್ಕಳಿಗೆ ತಮ್ಮ ಊರಿನ ಪ್ರಾಣಿ ಪಕ್ಷಿಗಳನ್ನೂ ಗಿಡಮರಗಳನ್ನೂ ಕಾಪಾಡುವ ಬುದ್ಧಿಯನ್ನು ಹೇಗೆ ಕಲಿಸಬೇಕು ಎಂಬುದು ಇಂದಿನ ನಮ್ಮ ಭಾಷಣದ ವಿಷಯ. ಕಲಿಸಬೇಕೆ ಬೇಡವೆ ಎಂಬ ಚರ್ಚೆಗೆ ಈಗ ಎಡೆಯಿಲ್ಲ. 1976ರಲ್ಲಿ ನಮ್ಮ ಸಂವಿಧಾನಕ್ಕೆ ಸೇರಿಸಿದ ಮೂಲಭೂತ ಕರ್ತವ್ಯಗಳಲ್ಲಿ, ಕಾಡು ಕೆರೆ ಹೊಳೆಗಳನ್ನೂ ವನ್ಯಜೀವಿಗಳನ್ನೂ ರಕ್ಷಿಸುವುದು, ಪ್ರಾಣಿಗಳಲ್ಲಿ ದಯೆಯಿಂದಿರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ಹೇಳಿದೆ. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಸರದ ವಿಷಯವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯವಾಗಿ ಕಲಿಸತಕ್ಕದ್ದೆಂದು ಆಜ್ಞೆ ಮಾಡಿತು. ಅದರಂತೆ ಪಠ್ಯಪುಸ್ತಕಗಳಲ್ಲಿ ಪಾಠಗಳು ಬಂದಿವೆ. ಪರೀಕ್ಷೆಗಳಲ್ಲಿ ಪ್ರಶ್ನೆಗಳು ಬರುತ್ತವೆ. ಪ್ರಶ್ನೆಗಳಿಗೆ ತಕ್ಕ ಉತ್ತರಗಳೂ ಬರುತ್ತವೆ. ಇಷ್ಟೆಲ್ಲ ಆಗಿಯೂ ಏನೋ ಒಂದು ಮುಖ್ಯವಾದ ಅಂಶವು ಕೈತಪ್ಪಿ ಹೋಗುತ್ತಿದೆ ಎಂದು ನಮಗೆ ತೋರುತ್ತದೆ. ಅದಾವುದೆಂಬುದನ್ನು ಈ ಹೊತ್ತು ನಿಮ್ಮೊಡನೆ ವಿಚಾರಮಾಡಬೇಕೆಂದಿದ್ದೇವೆ.

ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರ ಬಳಿಗೆ ಮಕ್ಕಳು ಶಾಲೆಯ ವಿದ್ಯೆಯನ್ನೆಲ್ಲ ಮುಗಿಸಿಕೊಂಡು ಬರುತ್ತಾರೆ. ಜೀವವೈವಿಧ್ಯವೆಂದರೇನು ಎಂದು ಕೇಳಿದರೆ ಲಕ್ಷಣವನ್ನು ಒಂದಕ್ಷರ ತಪ್ಪದೆ ಒಪ್ಪಿಸುತ್ತಾರೆ. ಅಳಿವಿನ ಅಂಚಿನಲ್ಲಿರುವ ಐದು ಪ್ರಾಣಿಗಳನ್ನು ಹೆಸರಿಸಿರಿ ಎಂದರೆ ಐದಕ್ಕೆ ಆರು ಹೇಳುತ್ತಾರೆ. ಆದರೆ ಕಿಟಕಿಯ ಹೊರಗೆ ನಿಂತಿರುವ ಮರ ಯಾವುದು ಎಂದು ಕೇಳಿದರೆ ಒಬ್ಬರ ಮುಖವನ್ನು ಒಬ್ಬರು ನೋಡುತ್ತಾರೆ. ಅದು ಹೊಂಗೆ. ಮೂರು ವರ್ಷ ಅದರ ನೆರಳಿನಲ್ಲಿ ನಿಂತು ಮಾತನಾಡಿದವರಿಗೂ ಅದು ಬರಿಯ ಮರವೇ ಹೊರತು ಹೊಂಗೆಯಲ್ಲ. ಆಫ್ರಿಕದ ಸಿಂಹ ಜಿಂಕೆಯನ್ನು ಅಟ್ಟಿಸಿಕೊಂಡು ಹೋಗುವುದನ್ನು ಪರದೆಯ ಮೇಲೆ ನೂರು ಸಲ ಕಂಡಿರುವ ಹುಡುಗನು ತನ್ನ ಮನೆಯ ಹಿತ್ತಿಲಲ್ಲಿ ದಿನವೂ ಬೆಳಗ್ಗೆ ಹಾಡುವ ಮಡಿವಾಳ ಹಕ್ಕಿಯನ್ನು ಒಂದು ಸಲವೂ ಕತ್ತೆತ್ತಿ ನೋಡಿರುವುದಿಲ್ಲ.

ಇದು ಆ ಹುಡುಗನ ದೋಷವಲ್ಲ. ಅವನಿಗೆ ಹೆಸರು ಹೇಳಿಕೊಟ್ಟವರು ಯಾರೂ ಇಲ್ಲ. ಹೆಸರು ಗೊತ್ತಿಲ್ಲದ ವಸ್ತುವನ್ನು ಮನುಷ್ಯನು ಕಾಣುವುದಿಲ್ಲ. ಕಾಣದ ವಸ್ತು ಇಲ್ಲವಾದರೆ ಅವನಿಗೆ ನಷ್ಟವೆಂದೂ ತೋರುವುದಿಲ್ಲ. ಬೀದಿಯ ಹೊಂಗೆಯನ್ನು ಕಡಿದು ಹಾಕಿದ ದಿನ, ಒಂದು ಮರ ಹೋಯಿತು ಎಂದು ಹೇಳುವವನಿಗೂ ನಮ್ಮ ಹೊಂಗೆ ಹೋಯಿತು ಎಂದು ಹೇಳುವವನಿಗೂ ಬಹಳ ಅಂತರವಿದೆ. ಆ ಅಂತರವನ್ನು ಉಂಟುಮಾಡುವುದೇ ಈ ಪಾಠದ ಗುರಿಯಾಗಬೇಕು. ರಕ್ಷಣೆಯ ಉಪದೇಶವು ಪರಿಚಯದ ಹಿಂದೆ ಬರತಕ್ಕದ್ದು, ಮುಂದೆ ಅಲ್ಲ. ನಾವು ಈಗ ಅದನ್ನು ತಲೆಕೆಳಗು ಮಾಡಿದ್ದೇವೆ. ನೆಂಟರ ಪರಿಚಯವನ್ನೇ ಮಾಡಿಕೊಡದೆ ಅವರಲ್ಲಿ ಪ್ರೀತಿಯಿಂದಿರು ಎಂದು ಮಗುವಿಗೆ ಬೋಧಿಸಿದಂತಾಗಿದೆ.

ಪರಿಚಯವೊಂದು ಏನು ಮಾಡಬಲ್ಲದು ಎಂಬುದಕ್ಕೆ ಒಂದು ನಿದರ್ಶನವನ್ನು ಕೊಡುತ್ತೇವೆ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮುಂಬಯಿಯಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನು ಆಟದ ಬಂದೂಕಿನಿಂದ ಒಂದು ಗುಬ್ಬಿಯನ್ನು ಹೊಡೆದನು. ಬಿದ್ದ ಹಕ್ಕಿಯನ್ನು ಎತ್ತಿ ನೋಡಿದರೆ ಅದರ ಕೊರಳಿನಲ್ಲಿ ಹಳದಿಯ ಮಚ್ಚೆಯೊಂದಿತ್ತು. ಮನೆಯ ಗುಬ್ಬಿಗೆ ಹಾಗಿರುವುದಿಲ್ಲ. ಇದು ಯಾವ ಹಕ್ಕಿ ಎಂದು ಹುಡುಗನು ತನ್ನ ಸೋದರಮಾವನನ್ನು ಕೇಳಿದನು. ಮಾವನಿಗೆ ತಿಳಿಯಲಿಲ್ಲ. ತಿಳಿಯದುದನ್ನು ತಿಳಿದಂತೆ ನಟಿಸದೆ, ಹುಡುಗನನ್ನು ಗದರಿಸಿ ಸುಮ್ಮನಾಗಿಸದೆ, ಆತನು ಅವನನ್ನು ಮುಂಬಯಿಯ ಪ್ರಕೃತಿ ಚರಿತ್ರೆಯ ಸಂಘಕ್ಕೆ ಕಳುಹಿಸಿದನು. ಅಲ್ಲಿ ಕಾರ್ಯದರ್ಶಿಯಾಗಿದ್ದ ಮಿಲ್ಲರ್ಡ್ ಎಂಬ ಆಂಗ್ಲನು ಆ ಹಕ್ಕಿಯನ್ನು ಗುರುತಿಸಿ, ಸಂಘದ ಬೀರುಗಳನ್ನು ತೆರೆದು, ಸಾಲುಸಾಲಾಗಿ ಜೋಡಿಸಿಟ್ಟಿದ್ದ ಭಾರತದ ಹಕ್ಕಿಗಳನ್ನು ಒಂದೊಂದಾಗಿ ತೋರಿಸಿದನು. ಓದಲು ಪುಸ್ತಕಗಳನ್ನೂ ಕೊಟ್ಟನು. ಆ ಹುಡುಗನೇ ಮುಂದೆ ಲೋಕಪ್ರಸಿದ್ಧ ಪಕ್ಷಿಶಾಸ್ತ್ರಜ್ಞರಾದ ಸಲೀಂ ಅಲಿಯವರು.

ಈ ಕಥೆಯ ಉತ್ತರಾರ್ಧವು ನಮ್ಮ ಊರಿಗೇ ಸೇರಿದ್ದು. ಶ್ರೀರಂಗಪಟ್ಟಣದ ಹತ್ತಿರ, ಹದಿನೇಳನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಯಿಂದ ಹೊಳೆಯ ನಡುವೆ ಚಿಕ್ಕ ಚಿಕ್ಕ ನಡುಗಡ್ಡೆಗಳು ಉಂಟಾಗಿದ್ದವು. ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಸಾವಿರಗಟ್ಟಲೆಯಾಗಿ ಅಲ್ಲಿ ಗೂಡುಕಟ್ಟುತ್ತಿದ್ದವು. ಮೈಸೂರು ಸಂಸ್ಥಾನದ ಹಕ್ಕಿಗಳನ್ನು ಪರಿಶೀಲಿಸುವುದಕ್ಕೆ ಬಂದ ಸಲೀಂ ಅಲಿಯವರು ಆ ಸ್ಥಳವನ್ನು ಕಂಡು, ಅದನ್ನು ರಕ್ಷಿಸಬೇಕೆಂದು ಅರಸರಿಗೆ ಅರಿಕೆ ಮಾಡಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ತ್ವವುಳ್ಳ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಮುಂಬಯಿಯಲ್ಲಿ ಒಬ್ಬ ಹುಡುಗನ ಪ್ರಶ್ನೆಗೆ ದೊಡ್ಡವರೊಬ್ಬರು ಒಂದು ಮಧ್ಯಾಹ್ನ ತಾಳ್ಮೆಯಿಂದ ಉತ್ತರ ಹೇಳಿದ್ದರ ಫಲವನ್ನು ನಾವು ಇಂದು ಕಾವೇರಿಯ ದಡದಲ್ಲಿ ದೋಣಿಯಲ್ಲಿ ಕುಳಿತು ಅನುಭವಿಸುತ್ತಿದ್ದೇವೆ. ಹಕ್ಕಿಯನ್ನು ಹೊಡೆದೆಯಾ, ಪಾಪಿ, ಎಂದು ಅಂದು ಆ ಹುಡುಗನ ಕಿವಿಹಿಂಡಿ ಕಳುಹಿಸಿದ್ದರೆ ಏನಾಗುತ್ತಿತ್ತೋ ಬಲ್ಲವರಾರು?

ಹಾಗಾದರೆ ಪರಿಚಯವನ್ನು ಮಾಡಿಸುವುದು ಹೇಗೆ? ಇದಕ್ಕಾಗಿ ಬಂಡೀಪುರಕ್ಕೂ ನಾಗರಹೊಳೆಗೂ ಮಕ್ಕಳನ್ನು ಕರೆದೊಯ್ಯಬೇಕಾಗಿಲ್ಲ, ಹೋದರೆ ಸಂತೋಷವೇ. ಆದರೆ ವರ್ಷಕ್ಕೊಂದು ದಿನ ಗದ್ದಲದ ನಡುವೆ ಹೋಗಿ ಬಂದದ್ದು ಪ್ರವಾಸವಾಗುತ್ತದೆ, ಪರಿಚಯವಾಗುವುದಿಲ್ಲ. ಶಾಲೆಯ ಅಂಗಳ, ಅಂಗಳವಿಲ್ಲದಿದ್ದರೆ ಬೀದಿ, ಬೀದಿಯ ಕೊನೆಗೆ ಇರುವ ಕೆರೆ ಇಷ್ಟು ಸಾಕು. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯಿದೆ, ಕಾರಂಜಿ ಕೆರೆಯಿದೆ, ಚಾಮುಂಡಿಬೆಟ್ಟದ ತಪ್ಪಲಿದೆ. ಬೇರೆ ಊರಿನವರಿಗೆ ಅವರವರ ಕೆರೆ ಗುಡ್ಡಗಳಿವೆ.

ನಮ್ಮ ಸಲಹೆ ಇಷ್ಟೆ. ಪ್ರತಿಯೊಂದು ತರಗತಿಯೂ ತನ್ನದೇ ಆದ ಒಂದು ಪಂಚಾಂಗವನ್ನು ಬರೆಯಲಿ. ಒಂದು ದಪ್ಪ ನೋಟುಪುಸ್ತಕ, ವಾರಕ್ಕೊಂದು ಗಂಟೆ; ಇದಕ್ಕಿಂತ ಹೆಚ್ಚಿನ ಸಲಕರಣೆ ಬೇಡ. ಮಕ್ಕಳು ಹೊರಗೆ ಹೋಗಿ ತಾವು ಕಣ್ಣಾರೆ ಕಂಡದ್ದನ್ನು ದಿನಾಂಕ ಹಾಕಿ ಬರೆಯಲಿ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಮುತ್ತುಗ ಬೂರುಗಗಳು ಕೆಂಪಗೆ ಹೂಬಿಡುತ್ತವೆ. ಗೊರವಂಕ, ಪಿಕಳಾರ, ಕಾಜಾಣಗಳು ಮಕರಂದಕ್ಕೆ ಸಂತೆ ನೆರೆಯುತ್ತವೆ. ಯುಗಾದಿಯ ಸುಮಾರಿಗೆ ಹೊಂಗೆಯು ಹೊಸ ಎಲೆಯಿಂದ ಮಿರುಗುತ್ತದೆ, ಅದರ ಹೂವಿಗೆ ಜೇನುಹುಳುಗಳು ಮುತ್ತುತ್ತವೆ. ಕೋಗಿಲೆ ಕೂಗತೊಡಗುತ್ತದೆ, ಕೂಗುವುದು ಗಂಡೆಂಬುದನ್ನೂ, ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದೆಂಬುದನ್ನೂ ತಿಳಿದ ಮಗು ಆ ವರ್ಷವೆಲ್ಲ ಕಾಗೆಯ ಗೂಡನ್ನು ಬಿಟ್ಟು ಕಣ್ಣು ತೆಗೆಯುವುದಿಲ್ಲ. ಮಳೆ ಹಿಡಿದ ಮೇಲೆ ಗೀಜಗನು ಹುಲ್ಲಿನ ಎಳೆಗಳನ್ನು ಸೀಳಿ ತಂದು ಈಚಲು ಮರದಲ್ಲೋ ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲೋ ಗೂಡನ್ನು ನೇಯುತ್ತದೆ. ನೇಯುವುದು ಗಂಡು, ಅರ್ಧ ನೇಯ್ದ ಗೂಡನ್ನು ಬಂದು ಪರೀಕ್ಷಿಸಿ ಒಪ್ಪುವುದೋ ಬಿಡುವುದೋ ಹೆಣ್ಣು. ಈ ಸಂಗತಿಯನ್ನು ಕೇಳಿ ನಗದ ತರಗತಿಯನ್ನು ನಾವು ಕಂಡಿಲ್ಲ.

ಮಳೆಗಾಲ ಕಳೆದ ಮೇಲೆ ಅತಿಥಿಗಳು ಬರುತ್ತಾರೆ. ಬಾಲವನ್ನು ಮೇಲಕ್ಕೂ ಕೆಳಕ್ಕೂ ಕುಣಿಸುತ್ತ ಬಯಲಿನಲ್ಲಿ ಓಡಾಡುವ ಕುಂಡೆಕುಸುಕಗಳಲ್ಲಿ ಕೆಲವು ಉತ್ತರದ ನಾಡುಗಳಿಂದ ಬಂದವು. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಮಧ್ಯ ಏಷ್ಯದ ಎತ್ತರದ ಸರೋವರಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬಂದಿಳಿಯುತ್ತವೆ. ಭೂಗೋಳದ ಪಾಠದಲ್ಲಿ ಮಂಗೋಲಿಯವೆಂಬುದು ಭೂಪಟದ ಮೇಲಿನ ಒಂದು ಬಣ್ಣ. ಈ ಹೆಬ್ಬಾತನ್ನು ಕಂಡ ಮಗುವಿಗೆ ಅದು ನಮ್ಮ ಕೆರೆಗೆ ಬರುವ ನೆಂಟರ ಊರು.

ಹೀಗೆ ಐದಾರು ವರ್ಷ ಬರೆದ ಪಂಚಾಂಗವು ಬರಿಯ ಮಕ್ಕಳಾಟವಾಗಿ ಉಳಿಯುವುದಿಲ್ಲ. ಹೋದ ವರ್ಷ ಇಪ್ಪತ್ತು ಗೂಡುಗಳಿದ್ದ ಮರದಲ್ಲಿ ಈ ವರ್ಷ ಆರೇ ಇವೆ ಎಂಬುದು ಅಲ್ಲಿ ಕಂಡುಬರುತ್ತದೆ. ಏಕೆ ಎಂದು ಮಕ್ಕಳೇ ಕೇಳುತ್ತಾರೆ. ಕೆರೆಗೆ ಬರುವ ಕಾಲುವೆ ಮುಚ್ಚಿತೆ? ಬಚ್ಚಲ ನೀರು ಸೇರಿತೆ? ಗೂಡಿನ ಹುಲ್ಲು ಬೆಳೆಯುತ್ತಿದ್ದ ಬಯಲಿನಲ್ಲಿ ಮನೆಗಳೆದ್ದವೆ? ಉಪದೇಶದಿಂದ ಹುಟ್ಟದ ಪ್ರಶ್ನೆ ಲೆಕ್ಕದಿಂದ ಹುಟ್ಟುತ್ತದೆ. ಹಾಗೆ ಹುಟ್ಟಿದ ಪ್ರಶ್ನೆಯನ್ನು ಹಿಡಿದು ಪುರಸಭೆಗೆ ಪತ್ರ ಬರೆದ ಬಾಲಕ ಬಾಲಿಕೆಯರು ಪೌರನೀತಿಯ ಪಾಠವನ್ನು ಬೇರೆ ಕಲಿಯಬೇಕಾಗಿಲ್ಲ.

ಉಪಾಧ್ಯಾಯರಿಗೇ ಹೆಸರುಗಳು ತಿಳಿಯವಲ್ಲ ಎಂದು ಕೆಲವರು ಆಕ್ಷೇಪಿಸಬಹುದು. ತಿಳಿಯದಿದ್ದರೆ ಕೊರತೆಯೇನೂ ಇಲ್ಲ. ಸಲೀಂ ಅಲಿಯವರ ಮಾವನಿಗೂ ತಿಳಿದಿರಲಿಲ್ಲ. ತಿಳಿದವರ ಬಳಿಗೆ ಕಳುಹಿಸುವ ವಿವೇಕ ಮಾತ್ರ ಇತ್ತು. ಶಾಲೆಯ ತೋಟದ ಮಾಲಿ, ಕುರಿ ಕಾಯುವವನು, ಮೀನು ಹಿಡಿಯುವವನು, ಮನೆಯ ಅಜ್ಜಿ, ಇವರ ಬಾಯಲ್ಲಿ ಇನ್ನೂ ನೂರಾರು ಹೆಸರುಗಳಿವೆ. ಅವರನ್ನು ತರಗತಿಗೆ ಕರೆದು ಕುರ್ಚಿ ಹಾಕಿ ಕೂರಿಸಿ ಕೇಳಿದರೆ ಮಕ್ಕಳಿಗೆ ಎರಡು ಪಾಠಗಳಾಗುತ್ತವೆ. ಹಕ್ಕಿಯ ಹೆಸರು ಒಂದು, ವಿದ್ಯೆಯು ಪುಸ್ತಕದವರ ಸೊತ್ತಲ್ಲವೆಂಬುದು ಇನ್ನೊಂದು. ಕನ್ನಡದಲ್ಲಿ ಇದಕ್ಕೆ ನೆರವಾಗುವ ಗ್ರಂಥಗಳೂ ಇಲ್ಲದಿಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲಿಯೇ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ರಚಿಸಿದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳೊಡನೆ ಕಾಡು ಮೇಡು ಸುತ್ತಿದ ಅನುಭವವನ್ನು ‘ಹಸುರು ಹೊನ್ನು’ ಎಂಬ ಪುಸ್ತಕವಾಗಿಸಿದ್ದಾರೆ. ಸಸ್ಯಶಾಸ್ತ್ರವನ್ನು ನಗುನಗುತ್ತ ಕಲಿಯಬಹುದೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಪರಿಚಯವು ಬೆಳೆದಂತೆ ಭಯವು ತನ್ನ ಅಳತೆಗೆ ಬರುತ್ತದೆ. ನಮ್ಮ ಮಕ್ಕಳು ಬಹುಮಟ್ಟಿಗೆ ಹಾವೆಂದರೆ ಒಂದೇ ಎಂದು ತಿಳಿದಿದ್ದಾರೆ. ಕಂಡಲ್ಲಿ ಕಲ್ಲೆತ್ತುವುದು ಅದರ ಫಲ. ಮನುಷ್ಯರ ಸಾವಿಗೆ ಹೆಚ್ಚಾಗಿ ಕಾರಣವಾಗುವ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕನ್ನು ಚಿತ್ರದಲ್ಲಿಯಾದರೂ ಗುರುತಿಸುವುದನ್ನು ಕಲಿಸಬೇಕು. ಗದ್ದೆಯ ಇಲಿಗಳನ್ನು ತಿಂದು ರೈತನಿಗೆ ಉಪಕಾರಮಾಡುವ ಕೇರೆಹಾವು ವಿಷವಿಲ್ಲದ್ದೆಂದೂ ತಿಳಿಸಬೇಕು. ಆದರೂ ಯಾವ ಹಾವನ್ನೂ ಮುಟ್ಟಬಾರದು, ದೂರ ನಿಂತು ದೊಡ್ಡವರಿಗೆ ಹೇಳಬೇಕು, ಕಚ್ಚಿದರೆ ಮಂತ್ರಕ್ಕೆ ಕಾಯದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು ಎಂಬುದು ಈ ಪಾಠದ ಅವಿಭಾಜ್ಯ ಭಾಗ. ಗೂಬೆಯ ವಿಷಯವೂ ಹೀಗೆಯೇ. ಅಪಶಕುನವೆಂದು ನಾವು ಓಡಿಸುವ ಹಕ್ಕಿಯು ರಾತ್ರಿಯೆಲ್ಲ ನಮ್ಮ ಕಣಜದ ಇಲಿಗಳನ್ನು ಹಿಡಿಯುತ್ತಿರುತ್ತದೆ.

ಇಲ್ಲಿ ಮನೆಯವರಿಗೂ ಒಂದು ಮಾತು. ಶಾಲೆಯಲ್ಲಿ ದಯೆಯ ಪಾಠವನ್ನು ಕೇಳಿ ಬಂದ ಮಗುವಿಗೆ ಮನೆಯ ಪಡಸಾಲೆಯಲ್ಲಿ ಪಂಜರದ ಗಿಳಿಯು ಸ್ವಾಗತ ಹೇಳಿದರೆ ಆ ಪಾಠವು ಅಲ್ಲಿಗೇ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ನಮ್ಮ ನಾಡಿನ ಗಿಳಿಯನ್ನು ಹಿಡಿದು ಸಾಕುವುದು ಅಪರಾಧ. ಅದೃಷ್ಟ ತರುವುದೆಂದು ನಕ್ಷತ್ರದಾಮೆಯನ್ನು ತೊಟ್ಟಿಯಲ್ಲಿಡುವುದೂ ಅಪರಾಧ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಪಡಸಾಲೆಯನ್ನು ಹೆಚ್ಚು ಗಮನವಿಟ್ಟು ಓದುತ್ತಾರೆ.

ಇನ್ನು ಈ ವಿಷಯದ ಕಷ್ಟವಾದ ಭಾಗಕ್ಕೆ ಬರುತ್ತೇವೆ. ಪ್ರಾಣಿಗಳನ್ನು ಕಾಪಾಡಬೇಕೆಂದು ಹೇಳುವುದು ನಗರದಲ್ಲಿ ಕುಳಿತವರಿಗೆ ಬಹು ಸುಲಭ. ಅದಕ್ಕೆ ತೆರಬೇಕಾದ ಬೆಲೆಯನ್ನು ತೆರುವವರು ಬೇರೆ. ಈ ಸಂಗತಿಯನ್ನು ಮಕ್ಕಳಿಂದ ಮುಚ್ಚಿಟ್ಟರೆ ನಾವು ಅವರಿಗೆ ಕಲಿಸುವುದು ಅರ್ಧಸತ್ಯ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಶಿಂಷಾ ಹೊಳೆಯ ಸಮೀಪದ ಆ ಹಳ್ಳಿಯಲ್ಲಿ ಚಳಿಗಾಲದಿಂದ ಬೇಸಗೆಯವರೆಗೆ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಹುಣಸೆ ಅರಳಿ ಮರಗಳಲ್ಲಿ ಗೂಡುಕಟ್ಟಿ ಮರಿಮಾಡುತ್ತವೆ. ಹೆಜ್ಜಾರ್ಲೆ ಸಣ್ಣ ಹಕ್ಕಿಯಲ್ಲ; ರೆಕ್ಕೆ ಬಿಚ್ಚಿದರೆ ಆಳುದ್ದಕ್ಕಿಂತ ಹೆಚ್ಚು. ಕೆಳಗೆ ಹೆಂಗಸರು ರಾಗಿ ಕೇರುತ್ತಿರುತ್ತಾರೆ, ಮಕ್ಕಳು ಗೋಲಿಯಾಡುತ್ತಿರುತ್ತಾರೆ, ಮೇಲೆ ಹಕ್ಕಿಗಳ ಸಂಸಾರ ನಡೆದಿರುತ್ತದೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ಅವುಗಳನ್ನು ಭಾವಿಸುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಊರಿನ ತರುಣರು ಎತ್ತಿ ಮೀನು ತಿನ್ನಿಸಿ ಸಾಕಿ ಹಾರಿಬಿಟ್ಟಿದ್ದಾರೆ. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಕೇಳಲು ಇದು ಬಹಳ ರಮಣೀಯವಾಗಿದೆ. ಆದರೆ ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಬೇಕು. ಹಕ್ಕಿಗಳು ಗೂಡುಕಟ್ಟಿದ ಹುಣಸೆಮರದ ಫಸಲು ಒಡೆಯನಿಗೆ ದಕ್ಕುವುದಿಲ್ಲ. ಹಿಕ್ಕೆಯಿಂದ ಕಾಯಿ ಕೆಡುತ್ತದೆ. ಬೇಸಗೆಯಲ್ಲಿ ಮೀನಿನ ನಾತ ಊರನ್ನೆಲ್ಲ ಕವಿಯುತ್ತದೆ. ಮರವನ್ನು ಕಡಿದು ಮಾರಿದರೆ ಬರುವ ಹಣ ಬೇರೆ. ಹಿಂದೆ ಆ ಹಿಕ್ಕೆಯು ಹೊಲಕ್ಕೆ ಒಳ್ಳೆಯ ಗೊಬ್ಬರವಾಗಿ ನಷ್ಟವನ್ನು ಸ್ವಲ್ಪಮಟ್ಟಿಗೆ ತುಂಬುತ್ತಿತ್ತು. ಈಚೆಗೆ ಅರಣ್ಯ ಇಲಾಖೆಯು ಮರದ ಒಡೆಯರಿಗೆ ಪರಿಹಾರಧನವನ್ನು ಕೊಡುವ ಏರ್ಪಾಟಾಯಿತು. ಹಕ್ಕಿಗಳ ಮೇಲಣ ಪ್ರೀತಿ ದೊಡ್ಡದು. ಆದರೆ ಮನೆ ನಡೆಸುವವನಿಗೆ ಹುಣಸೆಹಣ್ಣಿನ ಬೆಲೆಯೂ ಚಿಕ್ಕದಲ್ಲ. ಬೆಂಗಳೂರು ಮೈಸೂರುಗಳಿಂದ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಉಪಾಧ್ಯಾಯರು ಹಕ್ಕಿಗಳನ್ನು ತೋರಿಸಿದ ಮೇಲೆ ಮರದ ಒಡೆಯರೊಬ್ಬರೊಡನೆ ಅರ್ಧಗಂಟೆ ಮಾತನಾಡಿಸಿದರೆ, ರಕ್ಷಣೆ ಎಂಬ ಮಾತಿನ ಅರ್ಥವು ಮಕ್ಕಳಿಗೆ ಪೂರ್ಣವಾಗಿ ತಿಳಿಯುತ್ತದೆ.

ಕಾಡಂಚಿನ ಹಳ್ಳಿಗಳಲ್ಲಿ ಈ ಲೆಕ್ಕವು ಇನ್ನೂ ಕಠಿಣವಾದುದು. ಬಂಡೀಪುರದ ಸುತ್ತಿನ ಊರಿನ ಮಗುವಿಗೆ ಹುಲಿ ಎಂದರೆ ಹಟ್ಟಿಯಿಂದ ಕರುವನ್ನು ಒಯ್ದ ಪ್ರಾಣಿ. ಆನೆ ಎಂದರೆ ಅಪ್ಪನು ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಕುಳಿತು ಕಾಯುವುದಕ್ಕೆ ಕಾರಣ. ಆ ಮಗುವಿನ ಮುಂದೆ ನಿಂತು, ಹುಲಿ ನಮ್ಮ ರಾಷ್ಟ್ರದ ಹೆಮ್ಮೆ ಎಂದು ಹೇಳಿ ಹೊರಟುಹೋದರೆ ಅದು ಪಾಠವಲ್ಲ, ಅವಮಾನ. ಮೊದಲು ಅದರ ಮಾತನ್ನು ಕೇಳಬೇಕು. ಆನೆ ಏಕೆ ಬಂದಿತು, ಅದರ ಹಾದಿ ಎಲ್ಲಿತ್ತು, ಈಗ ಆ ಹಾದಿಯಲ್ಲಿ ಏನಿದೆ, ನಷ್ಟಕ್ಕೆ ಪರಿಹಾರವನ್ನು ಯಾರ ಬಳಿ ಹೇಗೆ ಕೇಳಬೇಕು, ಮುಸ್ಸಂಜೆಯಲ್ಲಿ ಯಾವ ದಾರಿಯಲ್ಲಿ ನಡೆಯಬಾರದು, ಇವೆಲ್ಲ ಅಲ್ಲಿಯ ಪಾಠ. ಆ ಕಾಡಿನಲ್ಲಿ ಹುಟ್ಟಿ ಹರಿದುಬರುವ ನೀರನ್ನು ಕುಡಿಯುವವರು ನಾವು. ಆನೆಯ ಕಾವಲು ಮಾಡುವವರು ಅವರು. ಆದುದರಿಂದ ಅವರಿಗೆ ಸಲ್ಲಬೇಕಾದ ಪರಿಹಾರವು ಭಿಕ್ಷೆಯಲ್ಲ, ನಮ್ಮ ಪಾಲಿನ ಸಾಲ ಎಂಬುದನ್ನು ನಗರದ ಮಗು ಚಿಕ್ಕಂದಿನಲ್ಲಿಯೇ ತಿಳಿಯುವುದು ನ್ಯಾಯ.

ಕಾಲವೆಲ್ಲಿದೆ, ಪರೀಕ್ಷೆಯ ಪಾಠಗಳೇ ಮುಗಿಯುವುದಿಲ್ಲವಲ್ಲ ಎಂದು ತಂದೆತಾಯಿಗಳೂ ಉಪಾಧ್ಯಾಯರೂ ಹೇಳುವುದನ್ನು ನಾವು ಬಲ್ಲೆವು. ವಾರಕ್ಕೆ ಒಂದು ಗಂಟೆಯನ್ನು ಹೊರಗೆ ಕಳೆದ ಮಗು ಎಣಿಸುವುದನ್ನು ಕಲಿಯುತ್ತದೆ, ನೋಡಿದುದನ್ನು ನೋಡಿದಂತೆ ಬರೆಯುವುದನ್ನು ಕಲಿಯುತ್ತದೆ, ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳುವುದನ್ನು ಕಲಿಯುತ್ತದೆ. ಗಣಿತಕ್ಕೂ ಭಾಷೆಗೂ ವಿಜ್ಞಾನಕ್ಕೂ ಇದಕ್ಕಿಂತ ಒಳ್ಳೆಯ ತಳಹದಿ ಯಾವುದು?

ಕೊಡಗಿನಲ್ಲಿ ಇಂದಿಗೂ ಸಾವಿರಕ್ಕೂ ಮೇಲ್ಪಟ್ಟು ದೇವರಕಾಡುಗಳಿವೆ. ಅಲ್ಲಿ ಕೊಡಲಿ ಹಾಕಬಾರದೆಂದು ಹಿರಿಯರು ಮಕ್ಕಳಿಗೆ ಪುಸ್ತಕದಿಂದ ಹೇಳಿಕೊಡಲಿಲ್ಲ. ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದರು. ಆ ಕಾಲದ ನಂಬಿಕೆಯನ್ನು ಹಾಗೆಯೇ ಮರಳಿ ತರುವುದು ನಮ್ಮಿಂದ ಆಗದಿರಬಹುದು. ಕೈಹಿಡಿದು ತೋರಿಸುವ ಪದ್ಧತಿಯನ್ನು ಉಳಿಸಿಕೊಳ್ಳುವುದಕ್ಕೆ ಮಾತ್ರ ಏನೂ ಅಡ್ಡಿಯಿಲ್ಲ. ನಾಳೆ ಬೆಳಗ್ಗೆ ಮಕ್ಕಳನ್ನು ಶಾಲೆಗೆ ಬಿಡುವಾಗ ದಾರಿಯಲ್ಲಿ ಒಂದು ಮರದ ಕೆಳಗೆ ನಿಂತು, ಇದರ ಹೆಸರೇನು ಎಂದು ಕೇಳಿರಿ. ಮಗುವಿಗೆ ತಿಳಿಯದಿದ್ದರೆ ಹೇಳಿರಿ. ನಿಮಗೂ ತಿಳಿಯದಿದ್ದರೆ ಇಬ್ಬರೂ ಸೇರಿ ತಿಳಿದವರನ್ನು ಕೇಳಿರಿ.